ಶಾಸನಗಳಲ್ಲಿ ವಿದ್ಯಾಸ್ಥಾನಗಳ ಆಡಳಿತ ವ್ಯವಸ್ಥೆ

ಪ್ರಾಚೀನ ವಿದ್ಯಾಸ್ಥಾನಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ವಿಷಯಗಳನ್ನು ಹೇಳಿ ಮುಗಿಸುತ್ತಾರೆ: ಅಲ್ಲಿ ಯಾವ ಶಾಸ್ತ್ರಗಳನ್ನು ಕಲಿಸುತ್ತಿದ್ದರು, ಯಾವ ಅರಸನ ಕಾಲದಲ್ಲಿ ದತ್ತಿ ದೊರೆಯಿತು. ಅಲ್ಲಿಯ ಹುಡುಗರಿಗೆ ದಿನವೂ ಅನ್ನ ಎಲ್ಲಿಂದ ಬಂತು, ರಾತ್ರಿಯ ದೀಪಕ್ಕೆ ಎಣ್ಣೆ ಯಾರು ಕೊಟ್ಟರು, ಓಲೆಯ ಕಟ್ಟುಗಳನ್ನು ಯಾರು ಕಾಯುತ್ತಿದ್ದರು, ಒಬ್ಬನಿಗೆ ಜ್ವರ ಬಂದರೆ ಗತಿಯೇನು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಆದರೆ ಶಾಲೆಯನ್ನು ನಡೆಸಿ ಬಲ್ಲವರಿಗೆ ಇವೇ ಮೊದಲ ಪ್ರಶ್ನೆಗಳು. ಸುದೈವದಿಂದ ನಮ್ಮ ಕೆಲವು ಶಾಸನಗಳು ಇವಕ್ಕೆ ನೇರವಾದ ಉತ್ತರವನ್ನು ಕೊಡುತ್ತವೆ.

ಮೊದಲನೆಯದು ಸಾಲೋಟಗಿಯ ಕಂಬದ ಶಾಸನ. ಊರು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿದೆ. ಸೊಲ್ಲಾಪುರ, ಅಕ್ಕಲಕೋಟೆಗಳ ಉಪಾಧ್ಯಾಯ ಮಿತ್ರರಿಗೆ ಅದು ನೆರೆಯ ಸೀಮೆ. ಕಾಲ ಕ್ರಿ. ಶ. 945, ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳಿಕೆ. ಆತನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಮಂತ್ರಿಯು ಕಟ್ಟಡವನ್ನು ಕೊಟ್ಟನು. ನಡೆಸುವ ಭಾರವನ್ನು ಊರು ಹೊತ್ತಿತು. ಶಾಲೆಯ ಪೋಷಣೆಗೆ 500 ನಿವರ್ತನ ಭೂಮಿ, ವಾಸಕ್ಕೆ 27 ನಿವೇಶನಗಳು, ದೀಪಕ್ಕಾಗಿ 12 ನಿವರ್ತನ, ಅಧ್ಯಾಪಕನಿಗೆ 50 ನಿವರ್ತನ ಎಂದು ಒಂದೊಂದು ವೆಚ್ಚಕ್ಕೂ ಬೇರೆ ಬೇರೆ ನೆಲವನ್ನು ಗೊತ್ತು ಮಾಡಿದರು. ಅನ್ನದ ಪಾಲನ್ನು ದೀಪ ತಿನ್ನಬಾರದು, ದೀಪದ ಪಾಲನ್ನು ಅನ್ನ ತಿನ್ನಬಾರದು ಎಂಬುದೇ ಈ ವಿಂಗಡಣೆಯ ತಾತ್ಪರ್ಯವೆಂದು ತೋರುತ್ತದೆ. ಇದರ ಮೇಲೆ ಊರಿನವರು ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಇನ್ನೂ ಕಡಮೆ, ಹೀಗೆ ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂದು ಕಟ್ಟು ಮಾಡಿಕೊಂಡರು. ಪ್ರತಿ ಮನೆಯ ಸಂತೋಷದಲ್ಲಿಯೂ ಶಾಲೆಗೆ ಒಂದು ಪಾಲಿತ್ತು.

ಎರಡನೆಯದು ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿ. ಚಾಲುಕ್ಯ ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ 1058ರ ಶಾಸನವು ಅಲ್ಲಿಯ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ವೇದಾಧ್ಯಯನಕ್ಕೆ 200, ಶಾಸ್ತ್ರಾಧ್ಯಯನಕ್ಕೆ 50ರಷ್ಟು ವಿದ್ಯಾರ್ಥಿಗಳು. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇವರೊಡನೆ ಆರು ಮಂದಿ ಸರಸ್ವತೀಭಂಡಾರಿಗಳು, ಎಂದರೆ ಗ್ರಂಥಪಾಲಕರು. ಪಾಠ ಹೇಳುವವರು ಎಷ್ಟೋ ಗ್ರಂಥ ಕಾಯುವವರೂ ಅಷ್ಟೇ ಎಂಬುದು ಗಮನಾರ್ಹ. ಹುಳು, ತೇವ, ಬೆಂಕಿಗಳಿಂದ ಓಲೆಯನ್ನು ಉಳಿಸುವುದು ಬಿಡುವಾದಾಗ ಮಾಡುವ ಕೆಲಸವಲ್ಲವೆಂದು ಆ ಕಾಲದವರು ಬಲ್ಲವರಾಗಿದ್ದರು.

ಇದೇ ಶತಮಾನದಲ್ಲಿ ಚೋಳರ ನಾಡಿನಲ್ಲಿಯೂ ಇಂಥ ವ್ಯವಸ್ಥೆ ಕಾಣುತ್ತದೆ. ವಿಳುಪ್ಪುರಂ ಸೀಮೆಯ ಎಣ್ಣಾಯಿರಂ ಗ್ರಾಮದಲ್ಲಿ ರಾಜೇಂದ್ರ ಚೋಳನ ಕಾಲದಲ್ಲಿ 340 ವಿದ್ಯಾರ್ಥಿಗಳೂ 14 ಉಪಾಧ್ಯಾಯರೂ ಇದ್ದರು. ಚಿಕ್ಕವರಿಗೆ ದಿನಕ್ಕೆ ಆರು ನಾಳಿ, ಮೇಲಿನ ತರಗತಿಯವರಿಗೆ ಹತ್ತು ನಾಳಿ ಭತ್ತವೆಂದು ನಿರ್ಣಯಿಸಿದ್ದು ಅರಮನೆಯಲ್ಲಿ ಅಲ್ಲ, ಗ್ರಾಮದ ಮಹಾಸಭೆಯಲ್ಲಿ. ರಾಜನ ಅಧಿಕಾರಿಯು ಆ ಸಭೆಯಲ್ಲಿ ಉಪಸ್ಥಿತನಿದ್ದನು.

ಮುಂಜಾಗ್ರತೆಯ ದೃಷ್ಟಿಯಿಂದ ಎಲ್ಲಕ್ಕಿಂತ ಹೆಚ್ಚಿನದು ಕಾಂಚೀಪುರದ ಸಮೀಪದ ತಿರುಮುಕ್ಕೂಡಲ ಶಾಸನ. ಪಾಲಾರು, ಚೆಯ್ಯಾರು, ವೇಗವತಿ ಎಂಬ ಮೂರು ನದಿಗಳು ಕೂಡುವ ಆ ಸ್ಥಳದ ದೇವಾಲಯದಲ್ಲಿ, ವೀರರಾಜೇಂದ್ರ ಚೋಳನ ಆಳಿಕೆಯ 5ನೆಯ ವರ್ಷದಲ್ಲಿ, ಪಾಠಶಾಲೆ, ವಿದ್ಯಾರ್ಥಿನಿಲಯ, ವೈದ್ಯಶಾಲೆ ಮೂರೂ ಒಂದೇ ಆಡಳಿತದಲ್ಲಿ ನಡೆಯುತ್ತಿದ್ದುವು. ವೈದ್ಯಶಾಲೆಯಲ್ಲಿ 15 ಹಾಸಿಗೆಗಳು. ರೋಗ ನೋಡಲು ಒಬ್ಬ ವೈದ್ಯ, ಶಲ್ಯಕ್ರಿಯೆಗೆ ಇನ್ನೊಬ್ಬ, ಮೂಲಿಕೆ, ಸೌದೆಗಳನ್ನು ತಂದು ಔಷಧ ಸಿದ್ಧಪಡಿಸಲು ಇಬ್ಬರು, ರೋಗಿಗಳ ಶುಶ್ರೂಷೆಗೆ ಇಬ್ಬರು ಸ್ತ್ರೀಯರು, ಒಬ್ಬ ಕ್ಷೌರಿಕ, ನೀರು ತರಲು ಒಬ್ಬ. ಪ್ರತಿಯೊಬ್ಬನ ಕೆಲಸವೂ ಸಂಬಳವೂ ಕಲ್ಲಿನಲ್ಲಿಯೇ ನಿಗದಿಯಾಗಿವೆ. ದಶಮೂಲ ಹರೀತಕಿ, ಬಿಲ್ವಾದಿ ಘೃತ ಮೊದಲಾದ ಔಷಧಗಳನ್ನು ಒಂದು ವರ್ಷಕ್ಕೆ ಸಾಲುವಷ್ಟು ಸಂಗ್ರಹಿಸಿಡಬೇಕೆಂದು ವಿಧಿಸಿದೆ. ರೋಗಿಯ ಹತ್ತಿರ ರಾತ್ರಿ ಉರಿಯುವ ದೀಪದ ಎಣ್ಣೆಯನ್ನೂ, ವಿದ್ಯಾರ್ಥಿಗಳ ಶನಿವಾರದ ಅಭ್ಯಂಜನದ ಎಣ್ಣೆಯನ್ನೂ ಅವರು ಮರೆತಿಲ್ಲ.

ಈ ನಾಲ್ಕು ಶಾಸನಗಳನ್ನು ಒಟ್ಟಿಗೆ ಓದಿದಾಗ ಮೂರು ಸೂತ್ರಗಳು ಸ್ಪಷ್ಟವಾಗುತ್ತವೆ. ಪ್ರತಿಯೊಂದು ಕೆಲಸಕ್ಕೂ ಹೊಣೆಗಾರನೊಬ್ಬನಿರಬೇಕು. ಪ್ರತಿಯೊಂದು ವೆಚ್ಚಕ್ಕೂ ಮೊದಲೇ ಗೊತ್ತಾದ ಆದಾಯವಿರಬೇಕು. ಎಲ್ಲವನ್ನೂ ನೋಡಿಕೊಳ್ಳುವುದಕ್ಕೆ ಒಬ್ಬ ವ್ಯಕ್ತಿಯಲ್ಲ, ಒಂದು ಸಭೆ ಇರಬೇಕು. ದಾನಿಯು ಕಾಲವಾದರೂ ಸಂಸ್ಥೆ ನಡೆಯಲೆಂದು ಮಾಡಿದ ಏರ್ಪಾಡು ಇದು.

ಒಂದು ಮಾತನ್ನು ಮರೆಮಾಚಬಾರದು. ಈ ವಿದ್ಯಾಸ್ಥಾನಗಳ ಬಾಗಿಲು ಬಹು ಇಕ್ಕಟ್ಟು. ವೇದಾಧಿಕಾರವುಳ್ಳವರ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ಆ ನೆಲವನ್ನು ಉತ್ತವನ ಮಗನಿಗೆ ಅಲ್ಲಿ ಪಾಠವಿರಲಿಲ್ಲ. ಇಂದು ನಮ್ಮ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ. ಇದು ನಮ್ಮ ಕಾಲದ ಹಿರಿಮೆ. ಆದರೆ ಒಳಗಿನ ವ್ಯವಸ್ಥೆಯಲ್ಲಿ ನಾವು ಅವರಿಗಿಂತ ಮುಂದಿದ್ದೇವೆಯೆ? ಗಡಿಯ ಎಷ್ಟೋ ಕನ್ನಡ ಶಾಲೆಗಳಲ್ಲಿ ಹಾಜರಿ ಪುಸ್ತಕ, ಬಿಸಿಯೂಟದ ಅಕ್ಕಿ, ಸೋರುವ ಮಾಡು, ಪುಸ್ತಕದ ಬೀರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ಒಬ್ಬರದೇ ತಲೆಯ ಮೇಲಿವೆ. ಆ ಒಬ್ಬರು ನಿವೃತ್ತರಾದ ದಿನ ಶಾಲೆಯ ಅರ್ಧ ಜ್ಞಾಪಕವೂ ಅವರೊಡನೆ ಹೊರಟುಹೋಗುತ್ತದೆ. ಮಕ್ಕಳ ಸಂಖ್ಯೆ ಕಡಮೆಯಾಗುತ್ತಿರುವ ಶಾಲೆಗೆ ಇಷ್ಟು ಪೆಟ್ಟೇ ಸಾಕು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿ ಎರಡು. ನಿಮ್ಮ ಊರಿನ ಗುಡಿಯ ಮುಂದೆ ನಿಂತಿರುವ ಕಲ್ಲಿನಲ್ಲಿ ದಾನಿಯ ಬಿರುದುಗಳನ್ನಷ್ಟೇ ಓದದೆ, ಯಾವ ಕೆಲಸಕ್ಕೆ ಯಾರು, ಯಾವ ವೆಚ್ಚಕ್ಕೆ ಎಷ್ಟು ಎಂಬ ಪಂಕ್ತಿಗಳನ್ನೂ ಬರೆದುಕೊಳ್ಳಿರಿ. ಹಾಗೆಯೇ ನಿಮ್ಮ ಶಾಲೆಯ ಕೆಲಸಗಳನ್ನೂ ಹಂಚಿ, ಹೊಣೆಗಾರರ ಹೆಸರು ಸಹಿತ ಒಂದು ಪುಸ್ತಕದಲ್ಲಿ ಬರೆದಿಡಿರಿ. ಕಲ್ಲಿನಲ್ಲಿ ಬರೆಯುವ ಶಕ್ತಿ ನಮಗಿಲ್ಲದಿದ್ದರೂ ಕಾಗದದಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ.