ಹುಲ್ಲಿನ ಮೆದೆಯಿಂದ ವೈದ್ಯರ ಚೀಟಿಗೆ

ಗಂಗಾವತಿಯಂಥ ಭತ್ತದ ಸೀಮೆಯಲ್ಲಿ ಇಲಿಗಳಿಗೆ ಇಡುವ ಬ್ರೋಮಡಿಯೋಲೋನ್ ವಿಷವೂ, ಹೃದಯದ ಕವಾಟ ಬದಲಿಸಿಕೊಂಡವರು ದಿನವೂ ನುಂಗುವ ವಾರ್ಫರಿನ್ ಗುಳಿಗೆಯೂ ಒಂದೇ ರಾಸಾಯನಿಕ ಕುಲದವು ಎಂದರೆ ನೀವು ನಂಬಲಿಕ್ಕಿಲ್ಲ.

1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯತೊಡಗಿದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ ಹೇರಿಕೊಂಡು, ಹಿಮ ಸುರಿಯುವಾಗಲೇ ಸುಮಾರು 300 ಕಿ.ಮೀ. ಬಂದು ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದ ಬಾಗಿಲು ತಟ್ಟಿದ. ಆ ಮೇವಿನ ವಿಷವಸ್ತುವನ್ನು ಲಿಂಕ್ ತಂಡ ಬೇರ್ಪಡಿಸಿದ್ದು 1939ರಲ್ಲಿ. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. 1954ರಲ್ಲಿ ಮನುಷ್ಯರ ಔಷಧವಾಯಿತು.

'ರಕ್ತ ತೆಳು ಮಾಡುವ ಗುಳಿಗೆ' ಎನ್ನುವುದು ಬಳಕೆಯ ಮಾತು. ನಿಜವಾಗಿ ರಕ್ತ ನೀರಾಗುವುದಿಲ್ಲ. ಯಕೃತ್ತು ವಿಟಮಿನ್ 'ಕೆ' ನೆರವಿನಿಂದ ಸಿದ್ಧಪಡಿಸುವ ಹೆಪ್ಪುಕಾರಕಗಳು ಕಡಿಮೆಯಾಗುತ್ತವೆ, ಅಷ್ಟೇ. ಪ್ರಮಾಣ ತಗ್ಗಿದರೆ ಹೆಪ್ಪು ಕವಾಟವನ್ನೋ ಮೆದುಳಿನ ರಕ್ತನಾಳವನ್ನೋ ಕಟ್ಟುತ್ತದೆ, ಮಿತಿಮೀರಿದರೆ ರಕ್ತಸ್ರಾವ. ಆದ್ದರಿಂದ ಆಗಾಗ ಅಳೆಯಲೇಬೇಕು. ಅಳೆಯುವ ಪರೀಕ್ಷೆಯನ್ನು 1935ರಲ್ಲಿ ಆರ್ಮಂಡ್ ಕ್ವಿಕ್ ಕೊಟ್ಟರು. ಆದರೆ ಒಂದೊಂದು ಪ್ರಯೋಗಾಲಯದ ಲೆಕ್ಕ ಒಂದೊಂದು ಬಗೆ! 1983ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐ.ಎನ್.ಆರ್. ಎಂಬ ಸಮಾನ ಅಳತೆಯನ್ನು ಒಪ್ಪಿದ ಮೇಲೆಯೇ ಬೆಂಗಳೂರಿನ ಅಂಕಿಯನ್ನು ಕುಷ್ಟಗಿಯ ವೈದ್ಯರೂ ಓದಿ ಪ್ರಮಾಣ ಹೊಂದಿಸುವುದು ಸಾಧ್ಯವಾಯಿತು. ಔಷಧದ ಶೋಧಕ್ಕಿಂತ ಇದೇ ದೊಡ್ಡ ಸಂಗತಿ ಎಂದು ನನಗನ್ನಿಸುತ್ತದೆ.

ನಮ್ಮಲ್ಲಿ ಬಾಲ್ಯದ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಡಿಸಿಕೊಂಡವರು ಬಹಳ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಕವಾಟ 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯ ಎದೆ ಸೇರಿದಾಗ ದೇಶೀಯ ಕವಾಟದ ದಾರಿ ತೆರೆಯಿತು. ಶಸ್ತ್ರಚಿಕಿತ್ಸೆ ಒಮ್ಮೆ ಮುಗಿಯುತ್ತದೆ. ಗುಳಿಗೆ, ಪರೀಕ್ಷೆ ಆಜೀವ. 1997ರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಇಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಅದು ಬಂದದ್ದು 2015ರಲ್ಲಿ. ಪರೀಕ್ಷೆಗೆಂದು ದೂರದ ಬಸ್ಸು ಹತ್ತಿದ ಕೂಲಿಯವನಿಗೆ ಆ ದಿನದ ದುಡಿಮೆಯೂ ಹೋಯಿತೆಂದೇ ಲೆಕ್ಕ.

ಇನ್ನೊಂದು ತೊಡಕು ಊಟದ್ದು. ಯಲಬುರ್ಗಾ ಕಡೆ ಜೋಳದ ರೊಟ್ಟಿಗೆ ಹಸಿ ಮೆಂತ್ಯ, ಹಕ್ಕರಿಕೆ ಇರಬೇಕು. ಸೊಪ್ಪಿನಲ್ಲಿ ವಿಟಮಿನ್ 'ಕೆ' ಹೇರಳ. ಚಳಿಗಾಲದಲ್ಲಿ ಹೊಲದ ತುಂಬ ಸೊಪ್ಪು, ಬೇಸಿಗೆಯಲ್ಲಿ ಅಪರೂಪ. ಗುಳಿಗೆ ಮಾತ್ರ ಅಷ್ಟೇ. ಅಂಕಿ ಏರುಪೇರಾಗದೆ ಇದ್ದೀತೆ? ಸೊಪ್ಪನ್ನು ಬಿಡಿಸುವುದಲ್ಲ, ವರ್ಷವಿಡೀ ಒಂದೇ ಹದದಲ್ಲಿ ತಿನ್ನಿಸುವುದು ಸರಿಯಾದ ಸಲಹೆ.

ಪರೀಕ್ಷೆ ಬೇಡದ ಹೊಸ ಔಷಧಗಳು 2010ರ ಸುಮಾರಿಗೆ ಬಂದವು. ಆದರೆ ಲೋಹದ ಕವಾಟಕ್ಕೆ ಅಂಥದೊಂದು ತಕ್ಕುದಲ್ಲವೆಂದು 2013ರ ಅಧ್ಯಯನ ತೋರಿಸಿತು. ರುಮ್ಯಾಟಿಕ್ ಹೃದ್ರೋಗದಲ್ಲಿ ಹಳೆಯ ಗುಳಿಗೆಯೇ ಮೇಲೆಂದು 2022ರಲ್ಲಿ ಇನ್ನೊಂದು ಅಧ್ಯಯನ ತಿಳಿಸಿತು. ಹಾಗಾಗಿ ಇಂಥವರ ಚೀಟಿಯಲ್ಲಿ ಇಂದಿಗೂ ವಾರ್ಫರಿನ್ನೋ ಅದರ ಸೋದರನಾದ ಅಸೆನೊಕೌಮರಾಲೋ ಇರುತ್ತದೆ, ಕೆಳಗೆ ಮುಂದಿನ ರಕ್ತಪರೀಕ್ಷೆಯ ತಾರೀಖು.