ಪಟ್ಟಿ ಬರೆಯೋರು ಯಾರು? ಅಮೆರಿಕದ ಸೊರೊರಿಟಿಗಳಿಗೆ ಹುಡುಗಿಯರನ್ನ ಆರಿಸೋ ಕತೆ

ಪುಣೆಯಿಂದ ಮಾತಾಡ್ತಾ ಇದ್ದೀನಿ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಕ್ಯಾಬಿನಲ್ಲೋ ಮೆಟ್ರೋದಲ್ಲೋ ಓದೋರಿಗಾಗಿ, ಎಂದಿನಂತೆ ಮಾತನ್ನ ಸ್ವಲ್ಪ ತಿದ್ದಿ ಇಲ್ಲಿ ಹಾಕಿದ್ದೀನಿ.

ಇವತ್ತಿನ ವಿಷಯ ಒಂದು ಫೋನಿನಿಂದ ಶುರುವಾಯ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಟೀಮಿನಲ್ಲಿ ಹಾಸನದ ಕಡೆಯ ಸೀನಿಯರ್ ಒಬ್ಬರಿದ್ದರು. ನಾವೆಲ್ಲ ಅವರನ್ನ ಅಣ್ಣ ಅಂತಲೇ ಕರೀತಿದ್ವಿ. ಆಮೇಲೆ ಅವರು ಅಮೆರಿಕಕ್ಕೆ ಹೋಗಿ ಅಲ್ಲೇ ನೆಲೆ ನಿಂತರು. ಹೋದ ವರ್ಷ ಅವರ ಮಗಳು ಕಾಲೇಜು ಸೇರಿದಳು. ಒಂದು ರಾತ್ರಿ ಫೋನ್ ಮಾಡಿ, "ಮಗಳು ಮೂರು ದಿನದಿಂದ ಊಟ ಬಿಟ್ಟು ಅಳ್ತಾ ಇದಾಳೆ ಕಣೋ. ಸೀಟು ಹೋಗಿಲ್ಲ, ಮಾರ್ಕ್ಸ್ ಹೋಗಿಲ್ಲ. ಯಾವುದೋ ಸೊರೊರಿಟಿ ಅಂತೆ, ಅದಕ್ಕೆ ಸೇರಿಸ್ಕೊಳ್ಳಲಿಲ್ವಂತೆ. ಕಂಪ್ಯೂಟರ್ ಮ್ಯಾಚ್ ಮಾಡುತ್ತೆ ಅಂತಾಳೆ. ನೀನು ಎಂಟೆಕ್ ಮಾಡ್ದೋನು, ಅದು ಹೇಗೆ ಮಾಡುತ್ತೆ ಹೇಳು" ಅಂದರು.

ನನಗೆ ಸೊರೊರಿಟಿ ಅಂದ್ರೆ ಹಾಲಿವುಡ್ ಸಿನಿಮಾ ಮತ್ತು ರೀಲ್ಸ್ ಅಷ್ಟೇ ಗೊತ್ತಿತ್ತು. 2021ರ ಆಗಸ್ಟ್‌ನಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ಹುಡುಗಿಯರು ಇವತ್ತು ಯಾವ ಬಟ್ಟೆ, ಯಾವ ಚಪ್ಪಲಿ ಅಂತ ಟಿಕ್‌ಟಾಕ್‌ನಲ್ಲಿ ತೋರಿಸಿ ಲೋಕಪ್ರಸಿದ್ಧರಾದರಲ್ಲ, ಅದೇ. ಅಣ್ಣನಿಗೆ ಉತ್ತರ ಹೇಳೋಕೆ ಅಂತ ಓದೋಕೆ ಕೂತೆ. ಓದ್ತಾ ಹೋದ ಹಾಗೆ ಇದು ಚಪ್ಪಲಿ ಕತೆ ಅಲ್ಲ, ನಮ್ಮ ಸಿಇಟಿ ಕೌನ್ಸೆಲಿಂಗ್‌ಗೂ ಕ್ಯಾಂಪಸ್ ಪ್ಲೇಸ್‌ಮೆಂಟ್‌ಗೂ ಅಣ್ಣ ತಮ್ಮನಂಥ ಕತೆ ಅಂತ ಗೊತ್ತಾಯ್ತು.

ಒಳಗೆ ಬಿಡದೆ ಇದ್ದಾಗ ಹುಟ್ಟಿದ್ದು

ಮೊದಲು ಇತಿಹಾಸ. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿನ ಸಂಘಗಳ ಪರಂಪರೆ 1776ರಷ್ಟು ಹಳೆಯದು. ಆ ವರ್ಷ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಫೈ ಬೀಟಾ ಕಪ್ಪಾ ಶುರುವಾಯಿತು. 1825ರಿಂದ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಇವತ್ತಿನ ರೀತಿಯ ಫ್ರೆಟರ್ನಿಟಿಗಳು, ಅಂದರೆ ಸಹೋದರ ಸಂಘಗಳು, ಹುಟ್ಟಿಕೊಂಡವು. ಎಲ್ಲಾ ಗಂಡಸರದೇ.

ಹೆಣ್ಣುಮಕ್ಕಳು ಕಾಲೇಜಿಗೆ ಬಂದಾಗ ಈ ಬಾಗಿಲು ಅವರಿಗೆ ಮುಚ್ಚಿತ್ತು. ಜಾರ್ಜಿಯಾದ ಮೇಕನ್‌ನಲ್ಲಿದ್ದ ಹೆಣ್ಣುಮಕ್ಕಳ ಕಾಲೇಜಿನಲ್ಲಿ 1851 ಮತ್ತು 1852ರಲ್ಲಿ ಎರಡು ಸಂಘಗಳು ಹುಟ್ಟಿದವು. 1867ರಲ್ಲಿ ಇಲಿನಾಯ್‌ನ ಮನ್ಮತ್ ಕಾಲೇಜಿನಲ್ಲಿ ಹನ್ನೆರಡು ಜನ ಸೇರಿ ಕಟ್ಟಿದ್ದು ಇವತ್ತಿನ ಪೈ ಬೀಟಾ ಫೈ. 1870ರಲ್ಲಿ ಇಂಡಿಯಾನಾದಲ್ಲಿ, ಇವತ್ತು ಡಿಪಾ ವಿಶ್ವವಿದ್ಯಾಲಯ ಅಂತ ಹೆಸರಿರುವ ಕಾಲೇಜಿನಲ್ಲಿ, ಬೆಟ್ಟಿ ಲಾಕ್ ಎಂಬ ವಿದ್ಯಾರ್ಥಿನಿ ಕಪ್ಪಾ ಆಲ್ಫಾ ಥೀಟಾ ಸ್ಥಾಪಿಸಿದಳು. ಹುಡುಗರ ಸಂಘ ಅವಳಿಗೆ ನಮ್ಮ ಬ್ಯಾಡ್ಜ್ ಹಾಕ್ಕೋ, ಆದರೆ ಸದಸ್ಯತ್ವ ಕೊಡಲ್ಲ ಅಂದಿತ್ತು, ಅದಕ್ಕೇ ತನ್ನದೇ ಸಂಘ ಕಟ್ಟಿದಳು ಅಂತ ಆ ಸಂಘದವರು ಹೇಳಿಕೊಂಡು ಬಂದಿದ್ದಾರೆ. ಸೊರೊರಿಟಿ ಅನ್ನೋ ಪದ ಬಂದದ್ದು ಸಿರಾಕ್ಯೂಸ್ ವಿಶ್ವವಿದ್ಯಾಲಯದ ಗಾಮಾ ಫೈ ಬೀಟಾ ಸಂಘದಿಂದ. ಅಲ್ಲಿನ ಲ್ಯಾಟಿನ್ ಪ್ರೊಫೆಸರ್ ಫ್ರಾಂಕ್ ಸ್ಮಾಲಿ ಸೂಚಿಸಿದ ಹೆಸರು ಅದು. ಲ್ಯಾಟಿನ್‌ನಲ್ಲಿ ಸೊರೊರ್ ಅಂದರೆ ಸಹೋದರಿ.

ಇದನ್ನ ನೆನಪಿಟ್ಟುಕೊಳ್ಳಿ. ಈ ಸಂಘಗಳು ಹುಟ್ಟಿದ್ದೇ 'ನಿಮಗೆ ಒಳಗೆ ಜಾಗ ಇಲ್ಲ' ಅನ್ನಿಸಿಕೊಂಡವರಿಂದ. ಮುಂದೆ ಬೇಕಾಗುತ್ತೆ.

ರಶ್ ಅಂದರೆ ಓಟ

ಸಂಘಗಳು ಹೆಚ್ಚಾದ ಮೇಲೆ ಒಳ್ಳೆ ಹುಡುಗ, ಒಳ್ಳೆ ಹುಡುಗಿ ಯಾರ ಪಾಲಿಗೆ ಅನ್ನೋ ಪೈಪೋಟಿ ಹತ್ತಿತು. ಮೊದಲು ಕೊನೇ ವರ್ಷದವರನ್ನ ಸೇರಿಸಿಕೊಳ್ಳುತ್ತಿದ್ದ ಸಂಘಗಳು, ಪಕ್ಕದವರು ಎಳೆದುಕೊಳ್ಳೋ ಮುಂಚೆ ಅಂತ ಮೂರನೇ ವರ್ಷಕ್ಕೆ, ಎರಡನೇ ವರ್ಷಕ್ಕೆ, ಕೊನೆಗೆ ಮೊದಲ ವರ್ಷಕ್ಕೇ ಇಳಿದವು. 19ನೇ ಶತಮಾನದ ಕೊನೆಗೆ ಕಾಲೇಜಿಗೆ ಕಾಲಿಡೋ ಮುಂಚೆಯೇ ಮಾತು ತಗೊಳ್ಳೋ ಮಟ್ಟಕ್ಕೆ ಬಂತು. ಈ ಓಟಕ್ಕೇ ರಶ್ ಅನ್ನೋ ಹೆಸರು.

ನಮಗೇನು ಇದು ಹೊಸದಾ? ಫೈನಲ್ ಇಯರ್‌ನಲ್ಲಿ ಆಗ್ತಿದ್ದ ಪ್ಲೇಸ್‌ಮೆಂಟ್ ಈಗ ಇಂಟರ್ನ್‌ಶಿಪ್ ಹೆಸರಲ್ಲಿ ಮೂರನೇ ವರ್ಷಕ್ಕೆ, ಎರಡನೇ ವರ್ಷಕ್ಕೆ ಬಂದಿಲ್ವಾ? ಬೇಗ ಹೋದೋರಿಗೆ ಒಳ್ಳೆ ಮಾಲು ಅಂತ ಎಲ್ಲರೂ ಬೇಗ ಹೋದರೆ, ಯಾರ ಹತ್ತಿರನೂ ಪೂರ್ತಿ ಮಾಹಿತಿ ಇರಲ್ಲ. ಆದರೂ ಒಬ್ಬರೇ ನಿಲ್ಲೋ ಹಾಗೂ ಇಲ್ಲ. ಎಲ್ಲರೂ ಒಟ್ಟಿಗೇ ನಿಲ್ಲಬೇಕು.

ಅದಕ್ಕೇ 1902ರಲ್ಲಿ ಸೊರೊರಿಟಿಗಳು ಷಿಕಾಗೋದಲ್ಲಿ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಇವತ್ತು ಅದರ ಹೆಸರು ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್, ಅದರಲ್ಲಿ 26 ಸಂಘಗಳಿವೆ. 1928ರಲ್ಲಿ ಈ ಒಕ್ಕೂಟ ಒಂದು ಕ್ರಮ ತಂದಿತು. ಹುಡುಗಿಯರು ತಮಗೆ ಬೇಕಾದ ಸಂಘಗಳನ್ನ ಇಷ್ಟದ ಕ್ರಮದಲ್ಲಿ ಬರೆದು ಕೊಡಬೇಕು. ಸಂಘಗಳೂ ಹುಡುಗಿಯರ ಪಟ್ಟಿ ಕೊಡಬೇಕು. ಒಂದು ಕಡೆ ಕೂತು ಎರಡನ್ನೂ ತಾಳೆ ನೋಡಿ ಜೋಡಿಸಬೇಕು. ನಮ್ಮಂಥವರು ಕ್ಲಾಸಿನಲ್ಲಿ ಓದೋ ಗೇಲ್ ಮತ್ತು ಶಾಪ್ಲಿ ಅವರ ಸ್ಟೇಬಲ್ ಮ್ಯಾಚಿಂಗ್ ಲೇಖನ ಬಂದದ್ದು 1962ರಲ್ಲಿ. ಅದಕ್ಕೂ 34 ವರ್ಷ ಮುಂಚೆ ಈ ಹೆಂಗಸರು ಕಂಪ್ಯೂಟರ್ ಇಲ್ಲದೆ ಎರಡೂ ಕಡೆಯ ಪಟ್ಟಿ ಇಟ್ಟುಕೊಂಡು ಇದನ್ನ ಮಾಡ್ತಿದ್ದರು.

ಈಗ ಹೇಗೆ ನಡೆಯುತ್ತೆ

ಈಗ ಅಧಿಕೃತವಾಗಿ ರಶ್ ಅನ್ನಲ್ಲ, ರಿಕ್ರೂಟ್‌ಮೆಂಟ್ ಅಂತಾರೆ. ಹುಡುಗಿ ಹೆಸರು ನೋಂದಾಯಿಸಿ ಶುಲ್ಕ ಕಟ್ಟುತ್ತಾಳೆ. ಅವಳ ಗುಂಪಿಗೆ ಒಬ್ಬ ಹಿರಿಯ ವಿದ್ಯಾರ್ಥಿನಿ ಸಲಹೆಗಾರ್ತಿಯಾಗಿ ಇರ್ತಾಳೆ. ಎಷ್ಟೋ ಕಡೆ ಆ ದಿನಗಳಲ್ಲಿ ಆಕೆ ತಾನು ಯಾವ ಸೊರೊರಿಟಿಯವಳು ಅಂತ ಬಾಯಿ ಬಿಡೋ ಹಾಗಿರಲಿಲ್ಲ.

ಮೊದಲ ಸುತ್ತಿನಲ್ಲಿ ಕ್ಯಾಂಪಸ್ಸಿನ ಎಲ್ಲಾ ಸೊರೊರಿಟಿ ಮನೆಗಳಿಗೂ ಭೇಟಿ. ಪ್ರತಿ ಮನೆಯಲ್ಲೂ ಸ್ವಲ್ಪ ಹೊತ್ತು ಮಾತು, ಗಂಟೆ ಹೊಡೆದರೆ ಮುಂದಿನ ಮನೆ. ಎರಡನೇ ಸುತ್ತಿನಲ್ಲಿ ಸಾಮಾನ್ಯವಾಗಿ ಅವರ ಸೇವಾಕಾರ್ಯದ ಪರಿಚಯ. ಮೂರನೆಯದರಲ್ಲಿ ಒಡನಾಟದ ಮಾತು. ಕೊನೆಯದು ಪ್ರಿಫರೆನ್ಸ್ ಸುತ್ತು, ಒಂದೋ ಎರಡೋ ಮನೆ, ದೀರ್ಘ ಮಾತುಕತೆ, ಗಂಭೀರ ವಾತಾವರಣ. ಪ್ರತಿ ಸುತ್ತಾದ ಮೇಲೆ ಹುಡುಗಿ ತನ್ನ ಆಯ್ಕೆ ಬರೀತಾಳೆ. ಮನೆಯವರು ಒಳಗೆ ಕೂತು ಯಾರನ್ನ ಮತ್ತೆ ಕರೀಬೇಕು ಅಂತ ನಿರ್ಧರಿಸುತ್ತಾರೆ. ನಮ್ಮ ಕಡೆ ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ಕಾಗದ ಹಾಕ್ತೀವಿ ಅಂದು ಎದ್ದು ಹೋಗ್ತಿದ್ದರಲ್ಲ, ಹಾಗೆ. ಕಾಗದ ಮಾತ್ರ ಮಾರನೇ ದಿನ ಬೆಳಗ್ಗೆಯೇ ಬರುತ್ತೆ.

ಮನೆಗಳಿಗೂ ಕಟ್ಟುಪಾಡಿದೆ. ನಿನ್ನನ್ನ ಖಂಡಿತ ತಗೋತೀವಿ ಅಂತ ಮೊದಲೇ ಮಾತು ಕೊಡುವಂತಿಲ್ಲ. ಒಂದು ಮನೆ ಎಷ್ಟು ಜನರನ್ನ ಸೇರಿಸಬಹುದು ಅನ್ನೋದಕ್ಕೆ ಕೋಟಾ ಇದೆ. ಎಲ್ಲರಿಗೂ ಬೇಕಾದ ಮನೆ ನೂರಾರು ಹುಡುಗಿಯರನ್ನ ಕೊನೇತನಕ ಆಸೆ ತೋರಿಸಿ ಕೈ ಬಿಡಬಾರದು ಅಂತ, ಹಿಂದಿನ ವರ್ಷಗಳ ಲೆಕ್ಕ ನೋಡಿ, ಯಾವ ಸುತ್ತಿಗೆ ಎಷ್ಟು ಜನರನ್ನ ಕರೀಬಹುದು ಅಂತ ಮಿತಿ ಹಾಕ್ತಾರೆ. ಬೇಡಿಕೆಯ ಮನೆ ಮೊದಲೇ ಹೆಚ್ಚು ಜನರನ್ನ ಬಿಡಬೇಕು.

ಕೊನೆಗೆ ಹುಡುಗಿ ಒಂದು ಕರಾರಿಗೆ ಸಹಿ ಹಾಕ್ತಾಳೆ. ಪಟ್ಟಿಯಲ್ಲಿ ಬರೆದ ಯಾವ ಮನೆ ಸಿಕ್ಕರೂ ಒಪ್ಪಿದ ಹಾಗೆ. ಸಿಕ್ಕ ಮೇಲೆ ಬೇಡ ಅಂದರೆ, ಆ ಕ್ಯಾಂಪಸ್ಸಿನಲ್ಲಿ ಮುಂದಿನ ವರ್ಷದ ಆಯ್ಕೆ ತನಕ ಒಕ್ಕೂಟದ ಬೇರೆ ಮನೆ ಸೇರುವಂತಿಲ್ಲ. ಎರಡೂ ಕಡೆಯ ಪಟ್ಟಿ ಕಂಪ್ಯೂಟರಿಗೆ ಹೋಗುತ್ತೆ. ಬಿಡ್ ಡೇ ದಿನ ಲಕೋಟೆ ಕೈಗೆ ಬರುತ್ತೆ. ಆ ಲಕೋಟೆ ತೆಗೆದು ಕಿರುಚುತ್ತಾ ಓಡೋದನ್ನೇ ನಾವು ರೀಲ್ಸ್‌ನಲ್ಲಿ ನೋಡಿದ್ದು. ಲಕೋಟೆ ಬರದವರು ರೀಲ್ಸ್‌ನಲ್ಲಿ ಇರಲ್ಲ.

ಒಂದೇ ಹೆಸರು ಬರೆದವಳು

ಅಣ್ಣನ ಮಗಳು ಕೊನೇ ಸುತ್ತಿನಲ್ಲಿ ಎರಡು ಮನೆಗೆ ಹೋಗಿದ್ದಳು. ಬರೆದಿದ್ದು ಒಂದೇ ಹೆಸರು. ಇನ್ನೊಂದು ಅವಳಿಗೆ ಬೇಕಿರಲಿಲ್ಲ. ಬರೆದದ್ದು ಸಿಗಲಿಲ್ಲ.

ಇದಕ್ಕೂ ಒಂದು ಇತಿಹಾಸ ಇದೆ. 1991ರಲ್ಲಿ ಸೂಸನ್ ಮೊಂಜೆಲ್ ಮತ್ತು ಆಲ್ವಿನ್ ರಾತ್ ಎಂಬ ಅರ್ಥಶಾಸ್ತ್ರಜ್ಞರು ಸೊರೊರಿಟಿ ರಶ್ ಬಗ್ಗೆಯೇ ಒಂದು ಸಂಶೋಧನಾ ಲೇಖನ ಬರೆದರು. ಎಲ್ಲರೂ ಪೂರ್ತಿ ಪಟ್ಟಿ ಪ್ರಾಮಾಣಿಕವಾಗಿ ಬರೆದರೆ, ಆ ಹಳೇ ಪದ್ಧತಿಯ ಜೋಡಣೆ ಯಾವಾಗಲೂ ಸ್ಥಿರವಾಗಿರುತ್ತೆ ಅಂತ ಹೇಳೋಕಾಗಲ್ಲ ಅಂತ ಅವರು ತೋರಿಸಿದರು. ಸ್ಥಿರ ಅಂದರೆ ಏನು? ಒಬ್ಬ ಹುಡುಗಿ, ಒಂದು ಮನೆ, ಇಬ್ಬರೂ ತಮಗೆ ಸಿಕ್ಕಿದ್ದಕ್ಕಿಂತ ಒಬ್ಬರಿಗೊಬ್ಬರು ಸಿಕ್ಕಿದ್ದರೆ ಚೆನ್ನಾಗಿತ್ತು ಅನ್ನೋ ಪರಿಸ್ಥಿತಿ ಉಳೀಬಾರದು. ಹಾಗಿದ್ದರೂ ಪದ್ಧತಿ ಅಷ್ಟು ವರ್ಷ ಬಾಳಿದ್ದು ಹೇಗೆ? ಬಹಳ ಹುಡುಗಿಯರು ಒಂದೇ ಹೆಸರು ಬರೀತಿದ್ದರು, ಅದಕ್ಕೇ ತೊಡಕಿನ ಸಂದರ್ಭಗಳೇ ಬರ್ತಿರಲಿಲ್ಲ. ಅದೇ ರಾತ್ ಅವರಿಗೆ 2012ರಲ್ಲಿ ಲಾಯ್ಡ್ ಶಾಪ್ಲಿ ಜೊತೆ ಅರ್ಥಶಾಸ್ತ್ರದ ನೊಬೆಲ್ ಬಂತು. 2015ರಿಂದ ನಮ್ಮ ಐಐಟಿ, ಎನ್‌ಐಟಿ ಸೀಟುಗಳನ್ನ ಒಟ್ಟಿಗೆ ಹಂಚೋ ಜೋಸಾ ವ್ಯವಸ್ಥೆಯ ಹಿಂದೆ ಇರೋದೂ ಇದೇ ಗೇಲ್-ಶಾಪ್ಲಿ ತರ್ಕ.

ಅಣ್ಣನಿಗೆ ಇಷ್ಟು ಹೇಳಿದೆ. "ಅಣ್ಣಾ, ಒಂದೇ ಹೆಸರು ಬರೆಯೋದು ಅಪರೂಪ ಏನಲ್ಲ. ಅದಕ್ಕೆ ನಿಯಮದಲ್ಲೇ ಅವಕಾಶ ಇದೆ. ಜಾಗ ಉಳಿದ ಮನೆಗಳು ಆಮೇಲೆ ನೇರವಾಗಿ ಕರೀಬಹುದು, ನಮ್ಮ ಮಾಪ್-ಅಪ್ ರೌಂಡ್ ಇದ್ದ ಹಾಗೆ. ಅವಳು ಅದಕ್ಕೆ ಹೋಗಬಹುದು."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು. "ಅದಿರಲಿ. ಆ ಮನೆಯವರು ಇವಳ ಹೆಸರು ಯಾಕೆ ಬರೀಲಿಲ್ಲ? ಮಾತು ಸರಿ ಆಡ್ಲಿಲ್ವಾ, ಇಲ್ಲಾ ಬಣ್ಣಾನಾ?"

ಪಟ್ಟಿಯ ಒಳಗೆ

ಈ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಇಪ್ಪತ್ತನೇ ಶತಮಾನದ ನಡುವಿನವರೆಗೂ ಇಂಥ ಎಷ್ಟೋ ಸಂಘಗಳು ಬಿಳಿಯರಿಗೆ, ಕ್ರೈಸ್ತರಿಗೆ ಮಾತ್ರ ಅಂತ ನಿಯಮದಲ್ಲೋ ರೂಢಿಯಲ್ಲೋ ಇಟ್ಟುಕೊಂಡಿದ್ದವು. ಒಳಗೆ ಬಿಡಲ್ಲ ಅನ್ನಿಸಿಕೊಂಡು ಹುಟ್ಟಿದವರೇ ಇನ್ನೊಬ್ಬರಿಗೆ ಬಾಗಿಲು ಹಾಕಿದರು. ಹಾಗಾಗಿ 1908ರಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿನಿಯರು ಆಲ್ಫಾ ಕಪ್ಪಾ ಆಲ್ಫಾ ಕಟ್ಟಿಕೊಂಡರು. ಕಮಲಾ ಹ್ಯಾರಿಸ್ ಓದುವಾಗ ಸೇರಿದ್ದು ಇದಕ್ಕೇ. 1909ರಲ್ಲಿ ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನಲ್ಲಿ ಯಹೂದಿ ಹುಡುಗಿಯರು ಆಲ್ಫಾ ಎಪ್ಸಿಲಾನ್ ಫೈ ಕಟ್ಟಿದರು. 1913ರಲ್ಲಿ ಹೋವರ್ಡ್‌ನಲ್ಲೇ ಹುಟ್ಟಿದ ಡೆಲ್ಟಾ ಸಿಗ್ಮಾ ಥೀಟಾದವರು ಅದೇ ಮಾರ್ಚ್‌ನಲ್ಲಿ ಮಹಿಳಾ ಮತದಾನದ ಮೆರವಣಿಗೆಯಲ್ಲಿ ನಡೆದರು. 1998ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಮೂಲದ ಹುಡುಗಿಯರ ಡೆಲ್ಟಾ ಫೈ ಒಮೇಗಾ ಶುರುವಾಯಿತು.

ನಿಯಮ ಪುಸ್ತಕದಿಂದ ಹೋಯಿತು. ಪಟ್ಟಿಯಿಂದ ಹೋಯಿತಾ? 1963ರ ಜೂನ್ 11ರಂದು ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಲ್ಲಿ ಗವರ್ನರ್ ಜಾರ್ಜ್ ವ್ಯಾಲೇಸ್ ನಿಂತು ಇಬ್ಬರು ಕಪ್ಪು ವಿದ್ಯಾರ್ಥಿಗಳನ್ನ ತಡೆಯೋಕೆ ನೋಡಿದ್ದ. ಅದಾಗಿ 50 ವರ್ಷಕ್ಕೆ, 2013ರ ಸೆಪ್ಟೆಂಬರ್‌ನಲ್ಲಿ, ಅಲ್ಲಿನ ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್ ಒಂದು ವರದಿ ಹಾಕಿತು. ಓದಿನಲ್ಲೂ ಕುಟುಂಬದ ಹೆಸರಿನಲ್ಲೂ ಯಾವುದಕ್ಕೂ ಕಡಿಮೆಯಿಲ್ಲದ ಕಪ್ಪು ಹುಡುಗಿಯೊಬ್ಬಳನ್ನ ಬಿಳಿಯರ ಮನೆಗಳು ಕೈಬಿಟ್ಟಿವೆ, ಒಳಗಿನ ಹುಡುಗಿಯರು ಬೇಕು ಅಂದರೂ ಹಳೇ ಸದಸ್ಯೆಯರು ಅಡ್ಡ ಬಂದರು ಅಂತ ಸದಸ್ಯೆಯರೇ ಹೇಳಿದ್ದರು. ವಿದ್ಯಾರ್ಥಿಗಳು, ಅಧ್ಯಾಪಕರು ಮೆರವಣಿಗೆ ಮಾಡಿದರು. ವಿಶ್ವವಿದ್ಯಾಲಯದ ಅಧ್ಯಕ್ಷೆ ಜೂಡಿ ಬೊನ್ನರ್ ಮಧ್ಯೆ ಬಂದು ಬಾಗಿಲು ಮತ್ತೆ ತೆಗೆಸಿದರು. ಆ ತಿಂಗಳೇ ಕಪ್ಪು ಹುಡುಗಿಯರು ಆ ಮನೆಗಳಿಗೆ ಸೇರಿದರು. ಅಮ್ಮ, ಅಜ್ಜಿ ಸದಸ್ಯೆಯಾಗಿದ್ದರೆ ಮಗಳಿಗೆ ಕೊಡುತ್ತಿದ್ದ ಆದ್ಯತೆಯನ್ನ 2020ರ ನಂತರ ಹಲವು ಸೊರೊರಿಟಿಗಳು ಕೈಬಿಟ್ಟಿವೆ.

ಗಮನಿಸಿ, 2013ರಲ್ಲಿ ಜೋಡಿಸೋ ಕ್ರಮದಲ್ಲಿ ಯಾವ ತಪ್ಪೂ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಹೆಸರನ್ನ ಯಾವ ಅಲ್ಗಾರಿದಮ್ಮೂ ಜೋಡಿಸಲ್ಲ. ಸಿಇಟಿಯಲ್ಲಿ ಕಾಲೇಜಿನ ಕಡೆಯ ಪಟ್ಟಿ ಅಂದರೆ ರ‍್ಯಾಂಕ್ ಮತ್ತು ಮೀಸಲಾತಿ. ಅದರ ಬಗ್ಗೆ ನಾವು ಎಷ್ಟೇ ಜಗಳ ಆಡಲಿ, ಕಟ್‌ಆಫ್ ಎಲ್ಲರಿಗೂ ಕಾಣುತ್ತೆ. ಸೊರೊರಿಟಿಯಲ್ಲಿ ಆ ಪಟ್ಟಿ ಮುಚ್ಚಿದ ಬಾಗಿಲ ಹಿಂದೆ ಹುಟ್ಟುತ್ತೆ, ಕಾರಣ ಯಾರೂ ಹೇಳಲ್ಲ. ಇವರು ಇದಕ್ಕೆ ಪರಸ್ಪರ ಆಯ್ಕೆ ಅಂತಾರೆ. ಓಟ ನಿಲ್ಲಿಸೋ ಸಮಸ್ಯೆಯನ್ನ 1928ರಲ್ಲೇ ಬಗೆಹರಿಸಿದವರು, ಪಟ್ಟಿ ಬರೆಯೋ ಕೈಯ ಸಮಸ್ಯೆಯನ್ನ ಅಲ್ಗಾರಿದಮ್ಮಿನಿಂದ ಬಗೆಹರಿಸೋಕೆ ಆಗಲಿಲ್ಲ. ಅದಕ್ಕೆ ಒಂದು ಪತ್ರಿಕೆ ಬೇಕಾಯ್ತು, ಒಳಗಿನ ಕೆಲವು ಹುಡುಗಿಯರ ಬಾಯಿ ಬೇಕಾಯ್ತು.

"ನಿಮ್ಮ ಪ್ರಶ್ನೆಗೆ ಉತ್ತರ ಆ ಮನೆಯೊಳಗಿದ್ದವರಿಗೆ ಮಾತ್ರ ಗೊತ್ತು ಅಣ್ಣಾ" ಅಂದೆ. ಅವರಿಗೆ ಅದು ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

ಯಾಕಂದ್ರೆ ಮಾರನೇ ವಾರ ನಾನೇ ಒಂದು ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂತಿದ್ದೆ. ಹುಡುಗ ಕೋಡ್ ಸರಿಯಾಗೇ ಬರೆದ. ಇಂಗ್ಲಿಷ್ ಸ್ವಲ್ಪ ತಡವರಿಸುತ್ತಿತ್ತು. ಫಾರ್ಮಿನಲ್ಲಿ 'ಕಲ್ಚರ್ ಫಿಟ್ ಅಲ್ಲ' ಅಂತ ಟೈಪ್ ಮಾಡೋಕೆ ಕೈ ಹೋಯಿತು. ಹಿಂದೆ ಎಷ್ಟು ಸಲ ಹಾಗೆ ಬರೆದಿದ್ದೀನೋ ಲೆಕ್ಕ ಇಲ್ಲ. ಆ ಹುಡುಗರ ಮನೆಯಲ್ಲೂ ಯಾರೋ ಒಬ್ಬರು ಯಾಕೆ ಅಂತ ಕೇಳಿರ್ತಾರೆ. ಈ ಸಲ ಅಳಿಸಿದೆ. ಕೋಡ್ ಬಗ್ಗೆ ಮಾತ್ರ ಬರೆದೆ. ಕಾರಣ ಬರೆಯೋಕೆ ಆಗದಿದ್ದರೆ ತಿರಸ್ಕರಿಸಬಾರದು ಅಂತ ನನಗೆ ನಾನೇ ಒಂದು ನಿಯಮ ಹಾಕಿಕೊಂಡಿದ್ದೀನಿ.

ಅಣ್ಣನ ಮಗಳು ಮತ್ತೆ ಆ ಮನೆಗಳ ಕಡೆ ಹೋಗಲಿಲ್ಲ. ಈ ವರ್ಷ ಹಾಸ್ಟೆಲಿನ ನಾಲ್ಕು ಗೆಳತಿಯರ ಜೊತೆ ಬಾಡಿಗೆ ಮನೆ ಮಾಡಿದ್ದಾಳಂತೆ. ಅಲ್ಲಿಗೆ ಯಾರು ಬರಬೇಕು ಅಂತ ಅವರೇ ಐದು ಜನ ಕೂತು ತೀರ್ಮಾನಿಸಿದರಂತೆ. ಹೇಗೆ ಅಂತ ನಾನು ಕೇಳಲಿಲ್ಲ.