ವಿಷಕ್ಕೆ ವಿಷವೇ ಮದ್ದಾದ ಚರಿತ್ರೆ

ಬೆಳೆಗೆ ಹೊಡೆಯುವ ವಿಷಕ್ಕೆ ನಾವು ‘ಔಷಧಿ’ ಅಂತಲೇ ಹೆಸರಿಟ್ಟಿದ್ದೇವೆ. ಗೊಬ್ಬರದ ಜೊತೆಗೆ ಅದನ್ನೂ ಸೊಸೈಟಿಯಿಂದಲೇ ಒಯ್ಯುತ್ತೇವೆ. ಆ ವಿಷ ಮೈಗೇರಿದಾಗ ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಇಂಜೆಕ್ಷನ್ನಿನ ಚರಿತ್ರೆಯನ್ನು ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಸದಸ್ಯ ಬಾಂಧವರ ಮುಂದಿಡುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇವೆ.

ಈಗಿನ ನೈಜೀರಿಯ ದೇಶದ ಕ್ಯಾಲಬಾರ್ ಸೀಮೆಯಲ್ಲಿ ಹಿಂದೆ ಆರೋಪ ಹೊತ್ತವರಿಗೆ ಒಂದು ಬಳ್ಳಿಯ ವಿಷಬೀಜವನ್ನು ಕೊಡುತ್ತಿದ್ದರು. ವಾಂತಿ ಮಾಡಿಕೊಂಡು ಬದುಕಿದರೆ ನಿರಪರಾಧಿ, ಸತ್ತರೆ ತಪ್ಪಿತಸ್ಥ. ನಮ್ಮ ಹಳೇ ಕಾಲದ ‘ದಿವ್ಯ’ ಪರೀಕ್ಷೆಗಳ ಹಾಗೇ ಅನ್ನಿ. ಈ ಬೀಜ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೂ ಹೋಯಿತು. ಅಲ್ಲಿನ ಪ್ರೊಫೆಸರ್ ಕ್ರಿಸ್ಟಿಸನ್ 1855ರಲ್ಲಿ ತಾವೇ ಒಂದಿಷ್ಟು ತಿಂದು ನೋಡಿದರು. ಮೈ ಸೋತು ಬಂದಾಗ ಕ್ಷೌರ ಮಾಡಿಕೊಂಡ ನೀರನ್ನೇ ಕುಡಿದು, ವಾಂತಿ ಮಾಡಿಕೊಂಡು ಬದುಕಿದರಂತೆ!

ಅವರ ಶಿಷ್ಯ ಥಾಮಸ್ ಫ್ರೇಸರ್ ಜಾಣತನದಿಂದ ಮೊಲಗಳ ಮೇಲೆ ಪ್ರಯೋಗ ನಡೆಸಿದರು. ಒಂದು ಕಡೆ ಈ ಬೀಜದ ಸಾರ, ಇನ್ನೊಂದು ಕಡೆ ಬೆಲ್ಲಡೋನ ಗಿಡದಲ್ಲಿರುವ ಅಟ್ರೋಪಿನ್. ಅದೂ ವಿಷವೇ. ಸಾಯಲೇಬೇಕಿದ್ದ ಮೊಲಗಳು ಅಟ್ರೋಪಿನ್ ಕೊಟ್ಟಾಗ ಉಳಿದವು. ಆದರೆ 1872ರ ಅವರ ವರದಿಯಲ್ಲಿ ನಮಗೆ ಮುಖ್ಯವೆನಿಸುವುದು ಲೆಕ್ಕ: ಅಟ್ರೋಪಿನ್ ಕಡಿಮೆಯಾದರೂ ಮೊಲ ಸಾಯುತ್ತಿತ್ತು, ಅತಿಯಾದರೂ ಸಾಯುತ್ತಿತ್ತು. ಬೀಜದ ವಿಷವೇ ಮಿತಿ ಮೀರಿದ್ದರೆ ಎಷ್ಟು ಕೊಟ್ಟರೂ ಪ್ರಯೋಜನವಿರಲಿಲ್ಲ.

ಮುಂದೆ 1944ರ ಸುಮಾರಿಗೆ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಪ್ಯಾರಾಥಿಯಾನ್ ಎಂಬ ಕೀಟನಾಶಕ ತಯಾರಿಸಿದರು. ಇದು ದೇಹದಲ್ಲಿ ಕೆಡಿಸುವುದೂ ಕ್ಯಾಲಬಾರ್ ಬೀಜ ಕೆಡಿಸಿದ ಜಾಗವನ್ನೇ. ನರದ ತುದಿಯಲ್ಲಿ ಒಸರುವ ಒಂದು ರಸವನ್ನು ಕೆಲಸ ಮುಗಿದ ಕೂಡಲೇ ಕಿಣ್ವವೊಂದು ತೆಗೆದುಹಾಕಬೇಕು. ಆ ಕಿಣ್ವ ನಿಂತರೆ, ತೂಬು ಕಟ್ಟಿಕೊಂಡ ಗದ್ದೆಯಲ್ಲಿ ನೀರು ನಿಂತಂತೆ ರಸ ನಿಲ್ಲುತ್ತದೆ. ಜೊಲ್ಲು, ಬೆವರು, ಎದೆ ತುಂಬ ಕಫ, ಕೊನೆಗೆ ಉಸಿರೇ ನಿಲ್ಲುತ್ತದೆ. ಅಟ್ರೋಪಿನ್ ತೂಬು ಬಿಡಿಸುವುದಿಲ್ಲ. ರಸದ ಹಾವಳಿಯನ್ನು ತಡೆದು ಕಫ ಆರಿಸುತ್ತದೆ. ಸೋತ ಸ್ನಾಯುಗಳಿಗೆ ಅದರಿಂದ ಬಲ ಬಾರದು, ಅದಕ್ಕೇ ಉಸಿರಾಟದ ಯಂತ್ರ ಬೇಕಾಗುವುದು.

1958ರಲ್ಲಿ ಪ್ಯಾರಾಥಿಯಾನ್ ಬೆರೆತ ಹಿಟ್ಟು ತಿಂದು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ, 1968ರಲ್ಲಿ, ನಮ್ಮ ದೇಶಕ್ಕೆ ಕೀಟನಾಶಕ ಕಾಯಿದೆ ಬಂತು.

ನಮ್ಮ ಬೇಲಿ ಸಾಲಿನ ಉಮ್ಮತ್ತಿಯಲ್ಲೂ ಅಟ್ರೋಪಿನ್ ಇದೆ. ಅಮೆರಿಕದ ವೈದ್ಯರು ಅದೇ ಜಾತಿಯ ಗಿಡದ ಬೀಜದ ಸಾರವನ್ನು ಇಲಿಗಳಿಗೆ ಕೊಟ್ಟು, ಆಮೇಲೆ ಡೈಕ್ಲೋರ್ವಾಸ್ ಹಾಕಿದಾಗ ಹೆಚ್ಚು ಇಲಿಗಳು ಉಳಿದವೆಂದು 2004ರಲ್ಲಿ ವರದಿ ಮಾಡಿದರು. ಹಾಗಂತ ಯಾರೂ ಉಮ್ಮತ್ತಿ ಕಾಯಿ ಅರೆಯಲು ಕೂರಬಾರದು. ಇಲಿಗೆ ಸಾರ ಕೊಟ್ಟಿದ್ದು ವಿಷಕ್ಕೆ ಮುಂಚೆ, ಅಳೆದು. ಕಾಯಿಂದ ಕಾಯಿಗೆ ಅಂಶ ಬೇರೆ. ಫ್ರೇಸರ್ ಅವರ ಮೊಲಗಳ ಲೆಕ್ಕ ಇಲ್ಲಿ ಯಾರ ಕೈಗೂ ಸಿಗದು.

ಔಷಧಿ ಹೊಡೆದವರಿಗೆ ಜೊಲ್ಲು ಸುರಿದು, ಕಣ್ಣು ಮಂಜಾದರೆ ಬಟ್ಟೆ ಬಿಚ್ಚಿಸಿ, ಸೋಪಿನಿಂದ ಮೈ ತೊಳೆದು, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಡಬ್ಬಿಯನ್ನೂ ಜೊತೆಗೊಯ್ಯಿರಿ. ಎಲ್ಲ ವಿಷಕ್ಕೂ ಅಟ್ರೋಪಿನ್ ನಾಟದು. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕಂತೂ ಇಂದಿಗೂ ಪ್ರತಿವಿಷವೇ ಇಲ್ಲ.